ಹತ್ತರ ಲೆಕ್ಕ, ಹದಿನಾರರ ಲೆಕ್ಕ

ಮಾಧ್ಯಮಿಕ ಶಾಲೆಯ ಗಣಿತ ಪುಸ್ತಕವನ್ನು ತೆರೆದು ನೋಡಿದರೆ ಮೂರು ಪಾಠಗಳು ಒಂದರ ಹಿಂದೊಂದು ಕಾಣಬರುತ್ತವೆ. ಮೊದಲನೆಯದು ಅನೇಕ ಸ್ಥಾನಗಳುಳ್ಳ ದೊಡ್ಡ ಸಂಖ್ಯೆಗಳ ಗುಣಾಕಾರ ಭಾಗಾಕಾರಗಳು; ಎರಡನೆಯದು ಅಪವರ್ತನ, ಅಪವರ್ತ್ಯಗಳು; ಮೂರನೆಯದು ದಶಾಂಶಗಳು. ಓದುವ ಹುಡುಗನಿಗೆ ಇವು ಒಂದಕ್ಕೊಂದು ನಂಟಿಲ್ಲದ ಮೂರು ಊರುಗಳಂತೆ ತೋರುತ್ತವೆ. ಒಂದನ್ನು ದಾಟಿ ಇನ್ನೊಂದಕ್ಕೆ ಹೋದ ಮೇಲೆ ಹಿಂದಿನದರ ನೆನಪು ಬೇಕಿಲ್ಲವೆಂದು ಅವನು ಭಾವಿಸುತ್ತಾನೆ. 'ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ' ಎಂದು ಮನೆಯವರು ತೀರ್ಮಾನಿಸುವುದೂ ಸಾಮಾನ್ಯವಾಗಿ ಈ ಹಂತದಲ್ಲಿಯೇ. ಅಂಥ ತೀರ್ಮಾನಕ್ಕೆ ಬರುವುದಕ್ಕೆ ಮುಂಚೆ, ಈ ಪಾಠಗಳು ನಮ್ಮ ನಾಡಿನಲ್ಲಿ ಯಾವ ಯಾವ ಕಾಲದಲ್ಲಿ, ಯಾವ ಯಾವ ದಾರಿಯಿಂದ ನೆಲೆಗೊಂಡುವೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ. ಚರಿತ್ರೆಯನ್ನು ನೋಡಿದರೆ ಮಕ್ಕಳ ತೊಡಕಿನ ಮೂಲವು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ.

ಮೊದಲು ಒಂದು ಸೋಜಿಗವನ್ನು ಗಮನಿಸೋಣ. ಒಂಬತ್ತು ಅಂಕಗಳು, ಒಂದು ಸೊನ್ನೆ, ಇಷ್ಟರಿಂದಲೇ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯುವ ಕ್ರಮವನ್ನು ಲೋಕಕ್ಕೆ ಕೊಟ್ಟ ದೇಶ ನಮ್ಮದು. ಹೀಗಿದ್ದೂ, ಒಂದಕ್ಕಿಂತ ಕಿರಿದಾದ ಭಾಗಗಳನ್ನು ಅದೇ ಹತ್ತರ ಕ್ರಮದಲ್ಲಿ ಎಣಿಸುವುದು ನಮ್ಮ ಪೇಟೆಬೀದಿಗೆ ಬಂದದ್ದು ೧೯೫೭ರಲ್ಲಿ. ಬಿಡಿಯ ಸ್ಥಾನದಿಂದ ಎಡಗಡೆಗೆ ಕೋಟಿ ಕೋಟಿಗಳವರೆಗೆ ನಡೆದುಹೋದ ನಮ್ಮ ಹಿರಿಯರು ಬಲಗಡೆಗೆ ಒಂದು ಹೆಜ್ಜೆಯನ್ನೇಕೆ ಇಡಲಿಲ್ಲ? ಈ ಪ್ರಶ್ನೆಯೇ ಇಂದಿನ ನಮ್ಮ ವಿಷಯ.

ಸ್ಥಾನದ ಲೆಕ್ಕದಿಂದಲೇ ಆರಂಭಿಸೋಣ. ೫ ಎಂಬ ಅಂಕವು ಬಿಡಿಯ ಸ್ಥಾನದಲ್ಲಿ ಐದು, ಹತ್ತರ ಸ್ಥಾನದಲ್ಲಿ ಐವತ್ತು, ನೂರರ ಸ್ಥಾನದಲ್ಲಿ ಐನೂರು. ಅಂಕವು ಬದಲಾಗಲಿಲ್ಲ, ಅದು ಕುಳಿತ ಮಣೆ ಬದಲಾಯಿತು. ಯಾರೂ ಕುಳಿತಿರದ ಮಣೆಯನ್ನು ಕಾದಿರಿಸುವ ಕೆಲಸ ಸೊನ್ನೆಯದು. ಕನ್ನಡದ ಮಕ್ಕಳಿಗೆ ಇಲ್ಲಿ ಭಾಷೆಯ ನೆರವೂ ಉಂಟು. ಇಪ್ಪತ್ತಮೂರು ಎನ್ನುವಾಗ ಹತ್ತುಗಳು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಸಂಸ್ಕೃತದ ತ್ರಯೋವಿಂಶತಿಯಲ್ಲಿಯಾದರೋ ಬಿಡಿ ಮೊದಲು ಬರುತ್ತದೆ. ಆದರೆ ನಮ್ಮ ಭಾಷೆಯ ನೆರವಿಗೂ ಒಂದು ಮಿತಿಯಿದೆ. 'ನೂರ ಐದು' ಎಂಬ ಮಾತಿನಲ್ಲಿ ಸೊನ್ನೆಯು ಕಿವಿಗೆ ಕೇಳಿಸುವುದೇ ಇಲ್ಲ. ನೂರನ್ನೂ ಐದನ್ನೂ ಕೇಳಿದ ಮಗು ೧೦೦ ಬರೆದು, ಅದರ ಮುಂದೆ ೫ ಬರೆದು, ೧೦೦೫ ಎಂದು ತೋರಿಸುತ್ತದೆ. ಇದು ದಡ್ಡತನವಲ್ಲ, ಕೇಳಿದ್ದನ್ನು ಕೇಳಿದಂತೆಯೇ ಬರೆದ ಪ್ರಾಮಾಣಿಕತೆ. ಸ್ಥಾನವೆಂಬುದು ಕಿವಿಯ ವಿಷಯವಲ್ಲ, ಕಣ್ಣಿನ ವಿಷಯವೆಂದು ಯಾರಾದರೂ ಅದಕ್ಕೆ ತಿಳಿಸಿಕೊಡಬೇಕು.

ಇದನ್ನು ಚೆನ್ನಾಗಿ ಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಜೈನ ಪಂಡಿತನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಆರಂಭದಲ್ಲಿ ಆತನು ಆ ದೊರೆಯನ್ನು ಕೊಂಡಾಡಿದ್ದಾನೆ. ಹಿಂದಿನ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಾಗಿ ಅಡಗಿತ್ತು. ಇದು ಗಣಿತಕ್ಕಾಗಿಯೇ ಹುಟ್ಟಿದ ಪುಸ್ತಕ, ಪಾಠ ಹೇಳುವವರ ಪುಸ್ತಕ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರ ಗಮನ ಇತ್ತ ಹರಿಯಿತು.

ಮಹಾವೀರನು ಏಕ, ದಶ, ಶತ ಎಂದು ಮೊದಲಿಟ್ಟು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳಿ, ಕಡೆಯದನ್ನು ಮಹಾಕ್ಷೋಭವೆಂದು ಕರೆದಿದ್ದಾನೆ. ದೊಡ್ಡ ಗುಣಾಕಾರಕ್ಕೆ ಆತನು ಹೇಳುವ ಕ್ರಮದ ಹೆಸರು ಕಪಾಟಸಂಧಿ. ಬಾಗಿಲಿನ ಎರಡು ರೆಕ್ಕೆಗಳು ಕೂಡುವಂತೆ ಗುಣ್ಯ ಗುಣಕಗಳನ್ನು ಮೇಲೆ ಕೆಳಗೆ ಜೋಡಿಸಿ, ಒಂದನ್ನು ಸ್ಥಾನದಿಂದ ಸ್ಥಾನಕ್ಕೆ ಸರಿಸುತ್ತ ಗುಣಿಸುವ ವಿಧಾನ ಅದು. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುವು ಆತನು ಅಭ್ಯಾಸಕ್ಕಾಗಿ ಕೊಟ್ಟಿರುವ ಲೆಕ್ಕಗಳು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುತ್ತದೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಆತನು ಅರಸರ ಕಂಠಾಭರಣಗಳಿಗೆ ಹೋಲಿಸುತ್ತಾನೆ. ಮಗುವಿನ ಮನಸ್ಸನ್ನು ತಿಳಿದ ಉಪಾಧ್ಯಾಯನ ಕೈ ಇಲ್ಲಿ ಕಾಣುತ್ತದೆ. ಬೇಸರದ ಗುಣಾಕಾರದ ಕೊನೆಗೆ ಒಂದು ಹಾರ ದೊರೆಯುತ್ತದೆ. ಹಾರವು ಸರಿಯಾಗಿ ಕೋದು ಬರದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಹುಡುಗನಿಗೆ ತಾನಾಗಿಯೇ ತಿಳಿಯುತ್ತದೆ. ಬೆತ್ತದ ಆವಶ್ಯಕತೆಯಿಲ್ಲ.

ಇಲ್ಲಿ ಇನ್ನೊಂದು ಗುಟ್ಟೂ ಉಂಟು. ಹುಡುಗನು ಈ ಲೆಕ್ಕವನ್ನು ಮುಂದಿನಿಂದ ಮಾಡುತ್ತಾನೆ. ಹೂಡಿದ ಆಚಾರ್ಯನು ಹಿಂದಿನಿಂದ ಬಂದಿರಬೇಕು. ಎಂಟು ಒಂದುಗಳ ಸಾಲನ್ನು ಮೊದಲು ಮುಂದಿಟ್ಟುಕೊಂಡು, ಅದು ೧೧, ೭೩, ೧೦೧, ೧೩೭ ಎಂಬ ಅಪವರ್ತನಗಳಾಗಿ ಒಡೆಯುತ್ತದೆಯೆಂದು ಕಂಡವನಿಗಲ್ಲದೆ ೧೫೨೨೦೭ ಎಂಬ ಗುಣ್ಯವು ಹೊಳೆಯುವಂತಿಲ್ಲ. ದೊಡ್ಡ ಸಂಖ್ಯೆಗಳ ಪಾಠವೂ ಅಪವರ್ತನಗಳ ಪಾಠವೂ ಆ ಆಚಾರ್ಯನಿಗೆ ಒಂದೇ ಪಾಠವಾಗಿದ್ದವು.

ಮೂರು ಶತಮಾನಗಳ ಬಳಿಕ, ೧೧೫೦ರಲ್ಲಿ, ಸಹ್ಯಾದ್ರಿಯ ಬಳಿಯ ವಿಜ್ಜಡವಿಡವು ತನ್ನ ಊರೆಂದು ಹೇಳಿಕೊಂಡ ಭಾಸ್ಕರಾಚಾರ್ಯನು 'ಲೀಲಾವತಿ'ಯನ್ನು ಬರೆದನು. ಗುಣಾಕಾರಕ್ಕೆ ಆತನು ಕೊಡುವ ಉದಾಹರಣೆ ಒಂದೇ: ೧೩೫ನ್ನು ೧೨ರಿಂದ ಗುಣಿಸು. ಆದರೆ ದಾರಿಗಳು ಹಲವು. ೧೨ರಿಂದ ನೇರವಾಗಿ ಗುಣಿಸಬಹುದು. ೧೨ನ್ನು ೮ ಮತ್ತು ೪ ಎಂದು ಒಡೆದು, ಬೇರೆ ಬೇರೆಯಾಗಿ ಗುಣಿಸಿ ಕೂಡಿಸಬಹುದು. ೧೨ ಎಂದರೆ ಮೂರು ನಾಲ್ಕಲೆಯೆಂದು ಕಂಡು, ಮೊದಲು ೪ರಿಂದಲೂ ಆಮೇಲೆ ೩ರಿಂದಲೂ ಗುಣಿಸಬಹುದು. ಸ್ಥಾನಗಳನ್ನು ಬಿಡಿಸಿ, ಹತ್ತರ ಮನೆಯ ೧ರಿಂದ ಒಮ್ಮೆ, ಬಿಡಿಯ ೨ರಿಂದ ಒಮ್ಮೆ ಗುಣಿಸಿ, ಒಂದು ಮನೆ ಸರಿಸಿ ಕೂಡಿಸಬಹುದು. ಇಲ್ಲವೇ ೨೦ರಿಂದ ಗುಣಿಸಿ, ಹೆಚ್ಚಾದ ಎಂಟು ಪಾಲನ್ನು ಕಳೆಯಬಹುದು. ಯಾವ ದಾರಿಯಿಂದ ಹೋದರೂ ಸೇರುವ ಊರು ೧೬೨೦. ಈ ದಾರಿಗಳಲ್ಲಿ ಒಂದು ಸ್ಥಾನದ ದಾರಿ, ಒಂದು ಅಪವರ್ತನದ ದಾರಿ. ಎರಡನ್ನೂ ಒಂದೇ ಲೆಕ್ಕದ ಮೇಲೆ ಪಕ್ಕಪಕ್ಕದಲ್ಲಿ ತೋರಿಸಿರುವುದೇ ಈ ಪಾಠದ ಹಿರಿಮೆ. ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದು, ಸಂಸ್ಕೃತವರಿಯದ ವರ್ತಕನಿಗೂ ಕರಣಿಕನಿಗೂ ಈ ವಿದ್ಯೆಯನ್ನು ಒದಗಿಸಿದನು.

ಇದುವರೆಗೆ ಪೂರ್ಣ ಸಂಖ್ಯೆಗಳ ಮಾತಾಯಿತು. ಒಂದಕ್ಕಿಂತ ಕಿರಿದಾದುದರ ಕಡೆಗೆ ತಿರುಗಿದ ಕೂಡಲೆ ಹತ್ತರ ರಾಜ್ಯ ಮುಗಿದು ನಾಲ್ಕರ ರಾಜ್ಯ ಮೊದಲಾಗುತ್ತದೆ. ಅರೆ, ಕಾಲು, ಮುಕ್ಕಾಲು. ಹದಿನಾರರಲ್ಲಿ ಒಂದು ವೀಸ. ಅರವತ್ತನಾಲ್ಕರಲ್ಲಿ ಒಂದು ಕಾಣಿ. ಮೈಸೂರಿನ ನಾಣ್ಯಗಳಲ್ಲಿಯೇ ಈ ಎರಡು ರಾಜ್ಯಗಳ ಗಡಿಯನ್ನು ನೋಡಬಹುದು. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಹಣಗಳು ಹತ್ತು ಸೇರಿದರೆ ಒಂದು ವರಹ. ಹಣದಿಂದ ಕೆಳಗಿಳಿದರೆ ನಾಲ್ಕರಲ್ಲೊಂದು ಹಾಗ, ಹದಿನಾರರಲ್ಲೊಂದು ವೀಸ. ಮೇಲಕ್ಕೆ ಹತ್ತರ ಮೆಟ್ಟಿಲು, ಕೆಳಕ್ಕೆ ನಾಲ್ಕರ ಮೆಟ್ಟಿಲು.

ಕೂಲಿಮಠಗಳಲ್ಲಿ ಇದನ್ನು ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷ್ಯವಿದೆ. ೧೮೨೨ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ಶಾಲೆಗಳ ಸ್ಥಿತಿಯನ್ನು ವಿಚಾರಿಸಿದನು. ಬಳ್ಳಾರಿಯ ಕಲೆಕ್ಟರನಾದ ಕ್ಯಾಂಬೆಲ್ ೧೮೨೩ರಲ್ಲಿ ಕಳುಹಿಸಿದ ಉತ್ತರದ ಪ್ರಕಾರ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ ೨೩೫ ಕನ್ನಡದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮುಂದೆ ಕೂಡುವ ಕಳೆಯುವ ಲೆಕ್ಕಗಳನ್ನೂ ಹಣ, ತೂಕ, ಅಳತೆಗಳ ಲೆಕ್ಕಗಳನ್ನೂ ಕಲಿಯುತ್ತಿದ್ದರೆಂದು ಆತನು ವಿವರಿಸುತ್ತಾನೆ. ಭಿನ್ನರಾಶಿಗಳ ಮೇಲೆ ಉಪಾಧ್ಯಾಯರು ಬಹಳ ಶ್ರಮ ವಹಿಸುತ್ತಿದ್ದರೆಂದೂ, ಇವು ಇಂಗ್ಲಿಷರ ದಶಾಂಶಗಳಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಬಹು ದೂರ ಇಳಿಯುತ್ತವೆಂದೂ ಆತನು ಗುರುತಿಸಿರುವುದು ಗಮನಾರ್ಹ. ದಿನಕ್ಕೆರಡು ಸಲ ಮಕ್ಕಳೆಲ್ಲರೂ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಈ ಮಗ್ಗಿಗಳನ್ನು ಒಪ್ಪಿಸುತ್ತಿದ್ದರು. ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿಗಳೆಂಬ ಹೆಸರುಗಳನ್ನು ಕೇಳಿರುವ ಹಿರಿಯರು ನಮ್ಮ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದರು.

ನಾಲ್ಕೇ ಏಕೆ? ನಮಗೆ ತೋರುವ ಕಾರಣವು ಬಹಳ ಸರಳವಾದದ್ದು. ಬಟ್ಟೆಯನ್ನು ಒಮ್ಮೆ ಮಡಿಸಿದರೆ ಅರೆ, ಮತ್ತೊಮ್ಮೆ ಮಡಿಸಿದರೆ ಕಾಲು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಧಾನ್ಯವನ್ನು ಸಮವಾಗಿ ಹರಡಿದರೆ ತೂಕದ ಕಲ್ಲೇ ಇಲ್ಲದೆ ಅರ್ಧ ಸಿಕ್ಕಿತು. ಒಂದು ತಟ್ಟೆಯದನ್ನು ಪುನಃ ಹಾಗೆಯೇ ಹಂಚಿದರೆ ಕಾಲು. ಹತ್ತು ಸಮಪಾಲು ಮಾಡುವುದು ಕೈಗೂ ಕಣ್ಣಿಗೂ ಕಷ್ಟ. ಆದಕಾರಣ ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ರೂಪಾಯಿಗೆ ಹದಿನಾರು ಆಣೆ. ಎಣಿಸುವುದು ಬೆರಳುಗಳ ಕೆಲಸ, ಅದಕ್ಕೆ ಹತ್ತು. ಹಂಚುವುದು ತಕ್ಕಡಿಯ ಕೆಲಸ, ಅದಕ್ಕೆ ಎರಡು ನಾಲ್ಕು. ನಮ್ಮ ಹಿರಿಯರು ಬಲಗಡೆಗೆ ಹೆಜ್ಜೆಯಿಡದಿದ್ದುದು ಅರಿವಿಲ್ಲದೆ ಅಲ್ಲ. ಅಲ್ಲಿ ಬೇರೊಂದು ದಾರಿ ಆಗಲೇ ತುಳಿದು ಸವೆದಿತ್ತು.

ಹಂಚುವ ಲೆಕ್ಕದಲ್ಲಿ ಪಳಗಿದವರಿಗೆ ಅಪವರ್ತ್ಯಗಳ ಅರಿವು ತಾನಾಗಿಯೇ ಹರಿತವಾಗುತ್ತದೆ. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನೆಲ್ಲ ಒಂದರಿಂದೊಂದು ಗುಣಿಸುತ್ತ ಹೋಗದೆ, ಅವೆಲ್ಲಕ್ಕೂ ಸಲ್ಲುವ ಅತಿ ಕಿರಿಯ ಸಂಖ್ಯೆಯನ್ನು ಹುಡುಕುವುದು ಜಾಣತನ. ಇದನ್ನು ಮಹಾವೀರಾಚಾರ್ಯನು ನಿರುದ್ಧವೆಂದು ಕರೆದನು. ಈಗಿನ ಪುಸ್ತಕಗಳಲ್ಲಿ ಇದು ಲಘುತಮ ಸಾಮಾನ್ಯ ಅಪವರ್ತ್ಯ. ನಮ್ಮ ದೇಶದ ಗಣಿತಜ್ಞರಲ್ಲಿ ಇದನ್ನು ಮೊದಲು ಹೇಳಿದವನು ಆತನೇ ಎಂದು ಗಣಿತ ಚರಿತ್ರಕಾರರಾದ ವಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಹರ ಅಭಿಪ್ರಾಯ. ಆತನ ಒಂದು ನಿಯಮದಿಂದ ದೊರೆಯುವ ಲೆಕ್ಕವನ್ನೇ ನೋಡಿ: ಎರಡರಲ್ಲೊಂದು, ಮೂರರಲ್ಲೊಂದು, ಒಂಬತ್ತರಲ್ಲೊಂದು, ಹದಿನೆಂಟರಲ್ಲೊಂದು, ಇವನ್ನು ಕೂಡಿಸಿದರೆ ಎಷ್ಟು? ಛೇದಗಳನ್ನು ಕುರುಡಾಗಿ ಗುಣಿಸಿದರೆ ೯೭೨ ಬರುತ್ತದೆ, ಲೆಕ್ಕವು ಕಾಡಾಗುತ್ತದೆ. ನಿರುದ್ಧವು ೧೮ ಎಂದು ಕಂಡವನಿಗೆ ಒಂಬತ್ತು, ಆರು, ಎರಡು, ಒಂದು ಸೇರಿ ಹದಿನೆಂಟು, ಎಂದರೆ ಸರಿಯಾಗಿ ಒಂದು.

ಇತ್ತ ನಮ್ಮ ಅಂಕಗಳು ಅರಬರ ಮೂಲಕ ಪಶ್ಚಿಮಕ್ಕೆ ಹೋದುವು. ಬಲಗಡೆಯ ಹೆಜ್ಜೆಯನ್ನು ಇಟ್ಟವರು ಅವರು. ಡಮಾಸ್ಕಸ್ಸಿನಲ್ಲಿ ೯೫೨ರ ಸುಮಾರಿಗೆ ಅಲ್ ಉಕ್ಲಿದಿಸಿಯೂ, ಸಮರಖಂಡದಲ್ಲಿ ೧೪೨೭ರಲ್ಲಿ ಅಲ್ ಕಾಶಿಯೂ ದಶಾಂಶ ಭಿನ್ನಗಳನ್ನು ಬಳಸಿದರು. ೧೫೮೫ರಲ್ಲಿ ಸೈಮನ್ ಸ್ಟೆವಿನ್ ಎಂಬಾತನು ಲೈಡನ್ನಿನಲ್ಲಿ ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿ, ನಕ್ಷತ್ರ ವೀಕ್ಷಕರಿಗೂ ಭೂಮಾಪಕರಿಗೂ ವರ್ತಕರಿಗೂ ಈ ಕ್ರಮದ ಅನುಕೂಲಗಳನ್ನು ತಿಳಿಸಿದನು. ನಾಣ್ಯ ತೂಕ ಅಳತೆಗಳೂ ಹತ್ತರ ಕ್ರಮಕ್ಕೆ ಬರಬೇಕೆಂದು ವಾದಿಸಿದನು. ಇಂಗ್ಲಿಷ್ ವಿದ್ಯಾಭ್ಯಾಸದೊಡನೆ ದಶಾಂಶಗಳು ನಮ್ಮ ಶಾಲೆಗಳಿಗೆ ಬಂದುವು. ಆದರೆ ಶಾಲೆಯ ಬಾಗಿಲಿನ ಹೊರಗೆ ರೂಪಾಯಿ ಆಣೆ ಪೈಗಳೇ ಇದ್ದುದರಿಂದ, ಹುಡುಗರಿಗೆ ದಶಾಂಶವು ಪರೀಕ್ಷೆಯ ದಿನದ ಅತಿಥಿಯಾಗಿ ಉಳಿಯಿತು. ಕಲಿಸಿದ ಇಂಗ್ಲಿಷರ ನಾಡಿನಲ್ಲಿಯೂ ಪೌಂಡಿಗೆ ಇಪ್ಪತ್ತು ಷಿಲಿಂಗು, ಷಿಲಿಂಗಿಗೆ ಹನ್ನೆರಡು ಪೆನ್ಸ್ ಎಂಬ ಲೆಕ್ಕವೇ ೧೯೭೧ರವರೆಗೆ ನಡೆಯಿತು.

ಸ್ವತಂತ್ರ ಭಾರತವು ಅದಕ್ಕಿಂತ ಮುಂಚೆಯೇ ಮನಸ್ಸು ಮಾಡಿತು. ೧೯೫೫ರಲ್ಲಿ ನಾಣ್ಯದ ಕಾನೂನನ್ನು ತಿದ್ದಿ, ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯೇ ಪೈಸೆಗಳನ್ನು ಜಾರಿಗೆ ತರಲಾಯಿತು. ೧೯೫೮ರ ಅಕ್ಟೋಬರಿನಿಂದ ಕಿಲೋಗ್ರಾಮು ಮೀಟರುಗಳು ಹಂತಹಂತವಾಗಿ ಬಂದುವು. ಆಗ ಇಡೀ ದೇಶವೇ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯಾಯಿತೆನ್ನಬಹುದು. ಸರ್ಕಾರದ ಪಟ್ಟಿಯಂತೆ ಒಂದಾಣೆಗೆ ೬ ನಯೇ ಪೈಸೆ, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಒಂದಾಣೆಯ ಸರಕನ್ನು ಮೂರು ಸಲ ಕೊಂಡರೆ ೧೮, ಒಟ್ಟಿಗೆ ಕೊಂಡರೆ ೧೯! ಇದರಲ್ಲಿ ಮೋಸವಿಲ್ಲ, ಅಪವರ್ತನವಿದೆ. ೧೬ನ್ನು ಒಡೆದರೆ ನಾಲ್ಕು ಎರಡುಗಳು ಬರುತ್ತವೆ. ೧೦೦ರಲ್ಲಿ ಇರುವುದು ಎರಡು ಎರಡುಗಳು, ಎರಡು ಐದುಗಳು ಮಾತ್ರ. ಆದ್ದರಿಂದ ನೂರು ಹದಿನಾರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಹತ್ತು ಸಾವಿರಕ್ಕೆ ಏರಿದರೆ ಭಾಗವಾಗುತ್ತದೆ. ಅದರಿಂದಲೇ ಆಣೆಯ ನಿಜವಾದ ಬೆಲೆ ದಶಾಂಶದಲ್ಲಿ ೦.೦೬೨೫ ರೂಪಾಯಿ, ನಾಲ್ಕು ಸ್ಥಾನಗಳು.

ಈ ಬದಲಾವಣೆಯಿಂದ ಆದ ಲಾಭವು ಅಲ್ಪವಲ್ಲ. ೭ ರೂಪಾಯಿ ೧೩ ಆಣೆ ೯ ಪೈ ಬೆಲೆಯ ೨೪ ಪಂಚೆಗಳಿಗೆ ಎಷ್ಟಾಯಿತೆಂದು ಹಿಂದಿನ ಹುಡುಗನನ್ನು ಕೇಳಿದರೆ, ಅವನು ೨೧೬ ಪೈಗಳನ್ನು ಹನ್ನೆರಡರಿಂದ ಭಾಗಿಸಿ ೧೮ ಆಣೆ ಮಾಡಿ, ಅದನ್ನು ೩೧೨ಕ್ಕೆ ಕೂಡಿಸಿ, ಬಂದ ೩೩೦ ಆಣೆಗಳನ್ನು ಹದಿನಾರರಿಂದ ಭಾಗಿಸಿ, ಕೊನೆಗೆ ೧೮೮ ರೂಪಾಯಿ ೧೦ ಆಣೆ ಎನ್ನಬೇಕಾಗಿತ್ತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಎತ್ತರ. ಈಗ ೭.೮೬ನ್ನು ೨೪ರಿಂದ ಗುಣಿಸುವವನು ಪೂರ್ಣ ಸಂಖ್ಯೆಯ ಗುಣಾಕಾರವನ್ನೇ ಮಾಡಿ, ಬಿಂದುವನ್ನು ತಕ್ಕ ಎಡೆಯಲ್ಲಿಟ್ಟು, ೧೮೮.೬೪ ಎನ್ನುತ್ತಾನೆ. ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರದವು.

ನಷ್ಟವೂ ಆಗಿದೆ. ಹಳೆಯ ರೂಪಾಯಿಯು ೧೯೨ ಪೈಗಳಾದುದರಿಂದ ಅದನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸರಿಯಾಗಿ ೫ ಆಣೆ ೪ ಪೈ. ನೂರು ಪೈಸೆಗಳನ್ನು ಮೂವರಿಗೆ ಹಂಚಿದರೆ ೩೩ರಂತೆ ಕೊಟ್ಟು ಒಂದು ಪೈಸೆ ಮಿಕ್ಕುತ್ತದೆ. ದಶಾಂಶದಲ್ಲಿ ಬರೆದರೆ ಮೂರುಗಳ ಸಾಲಿಗೆ ಕೊನೆಯೇ ಇಲ್ಲ. ೧೯೨ಕ್ಕೆ ಹದಿನಾಲ್ಕು ಭಾಜಕಗಳು, ೧೦೦ಕ್ಕೆ ಒಂಬತ್ತೇ. ಹಂಚಿಕೆಯ ಲೆಕ್ಕವು ಪೇಟೆಯಿಂದ ಮರೆಯಾದಂತೆ, ಅಪವರ್ತನಗಳ ಪಾಠವು ನಿತ್ಯಜೀವನದ ಬೇರನ್ನು ಕಳೆದುಕೊಂಡು ಪುಸ್ತಕದ ಒಂದು ಅಧ್ಯಾಯ ಮಾತ್ರವಾಯಿತು. ಮಾತಿನಲ್ಲಿ ಮಾತ್ರ ಹಳೆಯದು ಸುಲಭವಾಗಿ ಅಳಿಯಲಿಲ್ಲ. ೨೫ ಪೈಸೆಯನ್ನು ನಾಲ್ಕಾಣೆಯೆಂದೂ ೫೦ ಪೈಸೆಯನ್ನು ಎಂಟಾಣೆಯೆಂದೂ ಜನರು ದಶಕಗಳ ಕಾಲ ಕರೆದರು.

ಇಷ್ಟನ್ನು ತಿಳಿದ ಮೇಲೆ ತರಗತಿಯ ತಪ್ಪುಗಳನ್ನು ನೋಡಿದರೆ ಅವು ಬೇರೆಯಾಗಿ ಕಾಣುತ್ತವೆ. ೦.೨೫ ದೊಡ್ಡದೋ ೦.೩ ದೊಡ್ಡದೋ ಎಂದು ಕೇಳಿದರೆ ಅನೇಕ ಮಕ್ಕಳು ಮೊದಲನೆಯದನ್ನು ತೋರಿಸುತ್ತಾರೆ. ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೆ? ೧.೫ ರೂಪಾಯಿ ಎಂದರೆ ಒಂದು ರೂಪಾಯಿ ಐದು ಪೈಸೆಯೆನ್ನುತ್ತಾರೆ. ನಾವು ಹಣವನ್ನು ಹಿಡಿದು ದಶಾಂಶವನ್ನು ಕಲಿಸುವುದರಿಂದ, ಬಿಂದುವು ರೂಪಾಯಿಯನ್ನೂ ಪೈಸೆಯನ್ನೂ ಬೇರೆಮಾಡುವ ಗೋಡೆಯೆಂದು ಮಗು ತಿಳಿಯುತ್ತದೆ. ಆಣೆ ಪೈಗಳ ನಡುವೆ ಅಂಥ ಗೋಡೆ ನಿಜವಾಗಿಯೂ ಇತ್ತು, ದಶಾಂಶದಲ್ಲಿ ಇಲ್ಲ. ನೂರರಿಂದ ಹತ್ತಕ್ಕೆ, ಹತ್ತರಿಂದ ಬಿಡಿಗೆ ಯಾವ ಹೆಜ್ಜೆಯೋ, ಬಿಡಿಯಿಂದ ಹತ್ತನೆಯ ಒಂದು ಪಾಲಿಗೂ ಅದೇ ಹೆಜ್ಜೆ. ಬಿಂದುವು ಬಿಡಿಯ ಮನೆ ಯಾವುದೆಂದು ತೋರಿಸುವ ಗುರುತು ಮಾತ್ರ. ಇದನ್ನು ಮನಗಾಣಿಸಿದರೆ ೦.೩ ಎಂಬುದು ೦.೩೦ಕ್ಕೆ ಸಮವೆಂಬುದನ್ನು ಮಗು ತಾನೇ ಹೇಳುತ್ತದೆ.

ಹಾಗಾದರೆ ಹಳೆಯ ಮಗ್ಗಿಗಳನ್ನೆಲ್ಲ ಪುನಃ ಬಾಯಿಪಾಠ ಮಾಡಿಸಬೇಕೇ ಎಂದು ಕೆಲವರು ಕೇಳಬಹುದು. ವೀಸ ಕಾಣಿಗಳ ಮಗ್ಗಿಯು ಅವುಗಳ ವ್ಯವಹಾರದೊಡನೆಯೇ ಹೋಯಿತು, ಅದಕ್ಕಾಗಿ ಹಲುಬಬೇಕಾಗಿಲ್ಲ. ಆದರೆ ಅರೆ ಕಾಲು ಮುಕ್ಕಾಲುಗಳ ಅರಿವನ್ನು ಕಳೆದುಕೊಳ್ಳುವುದು ಅವಿವೇಕ. ೨೪ನ್ನು ೨೫ರಿಂದ ಗುಣಿಸೆಂದರೆ, ಸ್ಥಾನದ ದಾರಿಯನ್ನು ಮಾತ್ರ ಬಲ್ಲವನು ೪೮೦ಕ್ಕೆ ೧೨೦ನ್ನು ಕೂಡಿಸಿ ೬೦೦ ಎನ್ನುತ್ತಾನೆ. ಕಾಲುಮಗ್ಗಿ ಬಲ್ಲವನು, ೨೫ ಎಂಬುದು ನೂರರ ಕಾಲು, ೨೪ರ ಕಾಲು ಆರು, ಆದ್ದರಿಂದ ಆರು ನೂರು ಎಂದು ಬಾಯಲ್ಲಿಯೇ ಹೇಳುತ್ತಾನೆ. ೩೬ನ್ನು ೦.೨೫ರಿಂದ ಗುಣಿಸುವಲ್ಲಿಯೂ ಅವನಿಗೆ ಕಾಗದ ಬೇಡ; ಉತ್ತರ ೯. ಎರಡು ದಾರಿಗಳನ್ನೂ ಬಲ್ಲವನು ಒಂದರಿಂದ ಮಾಡಿ ಇನ್ನೊಂದರಿಂದ ತಾಳೆ ನೋಡುತ್ತಾನೆ. ಉತ್ತರಕ್ಕಾಗಿ ಉಪಾಧ್ಯಾಯರ ಮುಖವನ್ನು ನೋಡುವುದಿಲ್ಲ.

ಮಕ್ಕಳು ಲೆಕ್ಕದಲ್ಲಿ ಹಿಂದುಳಿದರೆಂದು ಕೊರಗುವ ತಂದೆತಾಯಿಗಳಿಗೂ, ಪಾಠ ಹೇಳುವ ಮಹನೀಯರಿಗೂ ನಾವು ಅರಿಕೆ ಮಾಡಿಕೊಳ್ಳುವುದು ಇಷ್ಟೆ. ಸ್ಥಾನವು ಎಣಿಕೆಯಿಂದ ಬಂದಿತು, ಅಪವರ್ತನವು ಹಂಚಿಕೆಯಿಂದ ಬಂದಿತು, ದಶಾಂಶವು ಇವೆರಡನ್ನೂ ಕೂಡಿಸಲು ಬಂದಿತು. ಮೂರನ್ನೂ ಮೂರು ಪೆಟ್ಟಿಗೆಗಳಲ್ಲಿ ಇಟ್ಟು ಕೊಡಬೇಡಿ. ಹತ್ತು ಬೀಜಗಳನ್ನು ಎಣಿಸಲು ಹೇಳಿದ ದಿನವೇ ಅವನ್ನು ಮೂವರಿಗೆ ಹಂಚಲೂ ಹೇಳಿ, ಮ್ಯಾಲೆ ಉಳಿದ ಒಂದನ್ನು ಏನು ಮಾಡಬೇಕೆಂದು ಕೇಳಿ. ಆ ಒಂದು ಬೀಜದ ಮುಂದೆ ಮಗು ತಲೆ ಕೆರೆದುಕೊಂಡು ಕುಳಿತಾಗ ಆತುರಪಟ್ಟು ಉತ್ತರವನ್ನು ಹೇಳಿಕೊಡಬೇಡಿ; ಲೆಕ್ಕ ಹತ್ತುವುದು ಆ ಹೊತ್ತಿನಲ್ಲಿಯೇ.